ನನ್ನನ್ನು ನೋಡಲು ಬಂದಿದ್ದವರು

ಎದುರುಮನೆಯಲ್ಲಿ ಇವತ್ತು ಯಾರೋ ತುಪ್ಪದಲ್ಲಿ ರವೆ ಹುರಿದರು. ಆ ಘಮ ಬಂತೆಂದರೆ ಈ ವಯಸ್ಸಿನಲ್ಲೂ ನನ್ನ ಎದೆ ಒಂದಿಷ್ಟು ಡವಗುಟ್ಟುತ್ತದೆ. ಈಗಿನ ಹುಡುಗ ಹುಡುಗಿಯರು ಜಯಲಕ್ಷ್ಮಿಪುರಂನ ಯಾವುದೋ ಕಾಫಿ ಅಂಗಡಿಯಲ್ಲಿ ಕೂತು ತಾವೇ ಎಲ್ಲ ಮಾತಾಡಿ ಮುಗಿಸುತ್ತಾರೆ. ಕೇಸರಿಬಾತಿಗೂ ಮದುವೆಗೂ ಇದ್ದ ನಂಟು ಅವರಿಗೆ ಹೇಗೆ ಗೊತ್ತಾಗಬೇಕು? ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರನ್ನು ನಾನು ಮರೆಯುವಂತೆಯೇ ಇಲ್ಲ. ಆ ಮದುವೆ ನಡೆಯಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹುಡುಗನ ಹೆಸರೂ ನೆನಪಿಲ್ಲ. ನೆನಪಿರುವುದು ಅವನ ಸೋದರತ್ತೆ ಸರೋಜಮ್ಮ.

ನನ್ನ ಅಪ್ಪ ಅಮ್ಮ ಇಬ್ಬರೂ ಹುಟ್ಟು ಕಿವುಡರು. ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಜೊತೆಗೆ ಓದಿದವರು. ಅವರ ಕಾಲದಲ್ಲಿ ತರಗತಿಯೊಳಗೆ ಕೈಸನ್ನೆ ಮಾಡಿದರೆ ಬೆತ್ತದೇಟು. ಮೇಷ್ಟರ ಗಂಟಲ ಮೇಲೆ ಕೈಯಿಟ್ಟು, ಅಲ್ಲಿಯ ಅದುರಾಟವನ್ನು ತಮ್ಮ ಗಂಟಲಿನಲ್ಲಿ ಹುಡುಕಬೇಕು. ಹಾಗೆ ವರ್ಷಗಟ್ಟಲೆ ಹುಡುಕಿ ಅಮ್ಮ ಸಂಪಾದಿಸಿದ್ದು ಹಿಡಿಯಷ್ಟು ಮಾತು. ನಿಜವಾದ ಭಾಷೆ ಸಿಕ್ಕಿದ್ದು ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ದೊಡ್ಡ ಹುಡುಗಿಯರ ಕೈ ನೋಡಿ. ಅದನ್ನು ನಾವು ಮನೆಯಲ್ಲಿ ಕೈಮಾತು ಎನ್ನುತ್ತಿದ್ದೆವು. ನಾನು ಬಾಯಲ್ಲಿ ತೊದಲುವ ಮೊದಲೇ ಕೈಯಲ್ಲಿ ತೊದಲಿದವಳಂತೆ.

ಕಿವಿ ಕೇಳುವ ಮಗಳೆಂದರೆ ಮನೆಯ ದುಭಾಷಿ. ತರಕಾರಿಯವನಿಂದ ಡಾಕ್ಟರರವರೆಗೆ ಎಲ್ಲ ಮಾತೂ ನನ್ನ ಮೂಲಕವೇ. ಚಿಕ್ಕವಳಿದ್ದಾಗ ಒಮ್ಮೆ ಪಕ್ಕದ ಮನೆಯವರು ಅಮ್ಮನನ್ನು ಏನೋ ಅಂದರು. "ಏನಂದ್ರು?" ಎಂದು ಅಮ್ಮ ಕೇಳಿದಳು. "ಏನೂ ಇಲ್ಲ" ಅಂದೆ. ಅಮ್ಮ ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. "ನಂಗೆ ಯಾವ್ದು ಮುಟ್ಬೇಕು ಅಂತ ನೀನು ಆರಿಸ್ಬೇಡ. ಎಲ್ಲಾ ಹೇಳು." ಅಂದಿನಿಂದ ಎಲ್ಲವನ್ನೂ ಹೇಳಿದ್ದೇನೆ.

ಗಂಡಿನ ಕಡೆಯವರು ಬಂದ ದಿನ ಮಾತುಕತೆಗೆ ಕೂರಬೇಕಾಗಿದ್ದ ಸೋದರಮಾವನಿಗೆ ಜ್ವರ. ಕೈಮಾತು ಬಲ್ಲವರು ಬೇರೆ ಯಾರೂ ಇಲ್ಲ. ಹಾಗಾಗಿ ಚಾಮರಾಜಪುರಂನ ನಮ್ಮ ಬಾಡಿಗೆ ಮನೆಯ ಪುಟ್ಟ ಹಾಲಿನಲ್ಲಿ ನನ್ನ ಮದುವೆಯ ಮಾತಿಗೆ ನಾನೇ ದುಭಾಷಿಯಾಗಿ ಕೂತೆ! ಹೆಣ್ಣು ತಲೆ ತಗ್ಗಿಸಬೇಕು. ದುಭಾಷಿ ತಲೆ ಎತ್ತಿ ಎಲ್ಲರ ಮುಖ ನೋಡಬೇಕು. ಎರಡರ ನಡುವೆ ಸಿಕ್ಕಿ, ಕತ್ತು ಹಿಡಿದುಕೊಂಡವಳಂತೆ ಒಂದಿಷ್ಟು ಹೊತ್ತು ಒದ್ದಾಡಿದೆ. ಸರೋಜಮ್ಮ ತಮ್ಮ ಅಣ್ಣನಿಗೆ, ಅಂದರೆ ಹುಡುಗನ ತಂದೆಗೆ, "ಹುಡ್ಗಿ ತಲೇನೇ ತಗ್ಗಿಸಲ್ವಲ್ಲಣ್ಣ" ಅಂದರು. ಅದನ್ನೂ ಅಪ್ಪನಿಗೆ ತಿಳಿಸಿದೆ. ಅಪ್ಪ ನಗುತ್ತಾ ಕೈಯಾಡಿಸಿದರು, ನಾನು ಅದಕ್ಕೆ ದನಿ ಕೊಟ್ಟೆ: "ತಲೆ ತಗ್ಗಿಸಿದ್ರೆ ನಮ್ಮನೇಲಿ ಮಾತೇ ನಿಂತೋಗುತ್ತೆ ಕಣಮ್ಮ." ಆಮೇಲೆ "ನನ್ನ ಮಗಳಿಗೆ ಅಡುಗೆ ಅಷ್ಟಕ್ಕಷ್ಟೇ. ಈ ಕೇಸರಿಬಾತು ಅವಳಮ್ಮ ಮಾಡಿದ್ದು" ಎಂಬುದನ್ನೂ ನನ್ನ ಬಾಯಿಂದಲೇ ಹೇಳಿಸಿದರು.

ಆಗ ಸರೋಜಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ದನಿ ತಗ್ಗಿಸಿ, "ನಾಳೆ ಹುಟ್ಟೋ ಮಗೂನೂ ಹಿಂಗೇ ಆಗ್ಬುಟ್ರೆ ಏನ್ ಗತಿ?" ಅಂದರು. ಕಿವುಡರ ಮನೆಯಲ್ಲಿ ದನಿ ತಗ್ಗಿಸಿ ಏನು ಪ್ರಯೋಜನ? ಅಮ್ಮನ ಕಣ್ಣು ಆಗಲೇ ನನ್ನ ಮೇಲಿತ್ತು. ಹೇಳಿದೆ. ಅಮ್ಮ ಸಿಟ್ಟಾಗಲಿಲ್ಲ. ಸರೋಜಮ್ಮನ ಕಡೆ ತಿರುಗಿ ನಿಧಾನವಾಗಿ, ಒಂದೊಂದೇ ಪದವಾಗಿ ಕೈಯಲ್ಲಿ ಹೇಳಿದಳು. ಇನ್ನೂ ಹುಟ್ಟದ ನನ್ನ ಮಗುವಿನ ಬಗೆಗಿನ ಮಾತನ್ನು, ಆ ಅಪರಿಚಿತ ಹುಡುಗನ ಎದುರಿಗೆ, ನಾನೇ ಆಡಿದೆ: "ಹಂಗಾದ್ರೆ ಮಗೂನ ನನ್ನ ತೊಡೆ ಮೇಲೆ ಹಾಕಿ. ಮಾತು ನಾನು ಕಲಿಸ್ತೀನಿ."

ಸರೋಜಮ್ಮ ಅಮ್ಮನ ಕೈಗಳನ್ನೇ ನೋಡುತ್ತ ಕೂತರು. ತಟ್ಟೆ ಮುಟ್ಟಲಿಲ್ಲ.

ಕೆಲವು ದಿನಗಳಲ್ಲಿ ಜಾತಕ ಕೂಡುವುದಿಲ್ಲವೆಂದು ಹೇಳಿ ಕಳಿಸಿದರು. "ಬರೋವಾಗ ಕೂಡಿದ್ದು ಹೋಗೋವಾಗ ಮುನಿಸ್ಕೊಂಡ್ತಾ?" ಎಂದು ಅಪ್ಪ ಕೈಯಾಡಿಸಿ ನಕ್ಕರು. ನಾನು ಹಿತ್ತಲಿಗೆ ಹೋಗಿ ಅತ್ತೆ. ಹುಡುಗನಿಗಾಗಿ ಅಲ್ಲ; ಅಪ್ಪ ಅಮ್ಮನಿಗೆ ಹೀಗಾಯಿತಲ್ಲ ಎಂದು.

ಅದಾದ ಮೇಲೆ ಒಂದು ಮಧ್ಯಾಹ್ನ ಸರೋಜಮ್ಮ ಒಬ್ಬರೇ ಬಂದು ಬಾಗಿಲಲ್ಲಿ ನಿಂತರು. ಅಲ್ಲ, ಒಬ್ಬರೇ ಅಲ್ಲ. ಸೆರಗಿನ ಹಿಂದೆ ಏಳೆಂಟು ವರ್ಷದ ಹುಡುಗಿಯೊಬ್ಬಳು ಜಡೆಯ ತುದಿ ಕಚ್ಚಿಕೊಂಡು ನಿಂತಿದ್ದಳು.

"ಸಂಬಂಧದ ಮಾತಿಗೆ ಬಂದಿಲ್ಲಮ್ಮ. ಇವ್ಳು ನನ್ ಮಗಳು ನಳಿನಿ. ಕಿವಿ ಕೇಳ್ಸಲ್ಲ. ಇಸ್ಕೂಲಿಗೂ ಹಾಕ್ಲಿಲ್ಲ, ಯಾರ್ ಮುಂದೂ ಕರ್ಕೊಂಡೋಗ್ಲಿಲ್ಲ. ಅವತ್ತು ನಾನ್ ಕೇಳಿದ್ದು ನಿಮ್ಮನ್ನ ಆಡ್ಕೊಳ್ಳೋಕಲ್ಲ. ಅದು ನನ್ ಹೊಟ್ಟೇಲಿರೋ ಸಂಕಟ. ನಿಮ್ಮಮ್ಮ ಕಲಿಸ್ತೀನಿ ಅಂದ್ರಲ್ಲ..."

ತಿಳಿಸೋಣವೆಂದು ತಿರುಗಿದರೆ, ಅಮ್ಮ ನನ್ನ ಕೈಗಾಗಿ ಕಾದಿರಲೇ ಇಲ್ಲ. ಆಗಲೇ ಆ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

ಮೊದಲು ಮಾಡಿದ್ದು ಹೆಸರಿಡುವುದು. ಕೈಮಾತಿನವರಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ, ತಮ್ಮವರು ಕೊಟ್ಟದ್ದು. ಅಮ್ಮ ಅವಳಿಗೆ ಜಡೆಯ ತುದಿ ಎಳೆಯುವ ಸನ್ನೆಯನ್ನು ಕೊಟ್ಟಳು. ನಳಿನಿ ಎಂಬ ಹೆಸರನ್ನು ಆ ಮಗು ಎಂದೂ ಕೇಳಿರಲಿಲ್ಲ. ಇದು ತಾನೇ ಎಂದು ತಿಳಿಯಲು ಅವಳಿಗೆ ಕೆಲವು ದಿನ ಬೇಕಾಯಿತು. ತಿಳಿದ ದಿನ ಮನೆಯಿಡೀ ಓಡಾಡಿ, ಸಿಕ್ಕಿದವರಿಗೆಲ್ಲ ಜಡೆ ಎಳೆದೆಳೆದು ತೋರಿಸಿದಳು. ಸರೋಜಮ್ಮನೂ ಜೊತೆಗೆ ಕೂತು ಕಲಿತರು. ಅವರ ಬೆರಳು ನನ್ನ ಅಡುಗೆಯಷ್ಟೇ ಮೊಂಡು. ಒಂದು ದಿನ ಏದುಸಿರು ಬಿಡುತ್ತ ಬಂದರು, ಕಣ್ಣಲ್ಲಿ ನೀರು. ಏನಾಯಿತೋ ಎಂದು ನಾನು ಗಾಬರಿಯಾದೆ. "ಊಟಕ್ ಬಾ ಅಂದ್ರೆ, ನಂಗೆ ಬೇಡ, ನೀನೇ ತಿನ್ನು ಅಂದ್ಲು! ನನ್ ಮಗಳು ನಂಗೆ ಎದುರು ಮಾತಾಡ್ಬುಟ್ಲು ಕಣಮ್ಮ!"

ಮಾತು ಬಂದ ಮೇಲೆ ಶಾಲೆಯೂ ಬಂತು. ನನಗೆ ಬೇರೆಡೆ ಮದುವೆಯಾಗಿ ಯಾದವಗಿರಿಗೆ ಬಂದೆ. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ನಳಿನಿ ಇವತ್ತು ಕಿವುಡ ಮಕ್ಕಳ ಟೀಚರು, ಅವಳ ತರಗತಿಯಲ್ಲಿ ಯಾರ ಕೈಗೂ ಬೆತ್ತ ಬೀಳುವುದಿಲ್ಲ. ಒಡಹುಟ್ಟಿದವರಿಲ್ಲದ ನನಗೆ, ಮುರಿದುಹೋದ ಆ ಸಂಬಂಧ ಒಬ್ಬ ತಂಗಿಯನ್ನು ಕೊಟ್ಟಿತು. ಕೂಡದ ಆ ಜಾತಕಕ್ಕೆ ನಾನು ಎಷ್ಟು ಸಲ ಕೈಮುಗಿದಿದ್ದೇನೋ!

ಇವತ್ತು ಸಂಜೆ ಅವಳಿಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಕೈ ಜಡ್ಡುಗಟ್ಟಿದೆ, ಅರ್ಧ ಮಾತು ನುಂಗುತ್ತೇನೆ ಎಂದು ಎಂದಿನಂತೆ ಗದರಿದಳು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅವಳಿಗೆ ಹೇಳಿಬಿಟ್ಟೆ: ನನ್ನ ಎರಡೂ ಕಿವಿ ಮಂದವಾಗುತ್ತಿವೆ, ಇನ್ನೂ ಕಡಿಮೆಯಾಗಬಹುದು ಎಂದಿದ್ದಾರೆ ಡಾಕ್ಟರು.

"ಹೆದರ್ಕೊಂಡ್ಯಾ ಅಕ್ಕ?"

"ಸ್ವಲ್ಪ."

ಅವಳು ನಕ್ಕಳು. ಆಮೇಲೆ ಎರಡೂ ಕೈ ಅಗಲಿಸಿ ಹೇಳಿದಳು: "ಬಾ. ನಮ್ಮ ಕಡೆ ಜಾಗ ಇದೆ."

ನಾನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಎರಡೂ ಕೈ ಖಾಲಿ ಮಾಡಿಕೊಂಡು, ಕತ್ತಲಾಗುವವರೆಗೂ ಅವಳ ಜೊತೆ ಹರಟಿದೆ.