ಕರೆದದ್ದೋ ಕಳಿಸಿದ್ದೋ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಸಯನ್ ಸ್ಟೇಷನ್ನಿನ ಹತ್ತಿರದ ಒಂದು ಚಾಳಿನಲ್ಲಿ ನಾನು ಬಾಲವಾಡಿ ನಡೆಸುತ್ತಿದ್ದೆ. ವಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋಗುತ್ತಿದ್ದರು. ಆ ಕೋಣೆ ಇಲ್ಲದಿದ್ದರೆ ಮಕ್ಕಳ ದಿನವೆಲ್ಲ ಮರಳು, ಜಲ್ಲಿಯ ರಾಶಿಗಳ ನಡುವೆ ಕಳೆಯಬೇಕಿತ್ತು. ಕೋಣೆಯ ಬಾಡಿಗೆ, ಮಕ್ಕಳ ಊಟ ಎರಡೂ ಫೋರ್ಟ್ ಪ್ರದೇಶದ ಒಂದು ಗುಜರಾತಿ ಟ್ರಸ್ಟಿನ ಅನುದಾನದಿಂದ ನಡೆಯುತ್ತಿದ್ದವು.

ಅನುದಾನ ಕೇಳಲು ಮೊದಲ ಸಲ ಹೋದಾಗ, ಟ್ರಸ್ಟಿನ ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡು, ಒಂದು ವರ್ಷ ಕೊಟ್ಟು ನೋಡೋಣ ಎಂದರು. ಮಾತು ಕಡಿಮೆ. ನಾನು ಹೊರಟಾಗ ಕೈಮುಗಿದು “ಆವ್ಜೋ, ಬೇನ್” ಎಂದರು. ಬನ್ನಿ, ಅಕ್ಕಾ ಎಂದು ಅರ್ಥವಾಗುವಷ್ಟು ಗುಜರಾತಿ ನನಗಿತ್ತು. ಆದರೆ ಯಾವಾಗ ಬರಬೇಕು? ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು ನಾನು. ಬಾಗಿಲಲ್ಲಿದ್ದ ಜವಾನನನ್ನು ಕೇಳಿದೆ. ಶನಿವಾರ ಬೆಳಿಗ್ಗೆ ಸಾಹೇಬರಿಗೆ ಬಿಡುವು ಎಂದ.

ಅಲ್ಲಿಂದ ಮುಂದೆ ತಿಂಗಳ ಮೊದಲ ಶನಿವಾರ ತಪ್ಪದೆ ಹೋದೆ. ಮೊದಲೆರಡು ಸಲ ಅವರು ಗಾಬರಿಯಿಂದ “ಏನಾಯಿತು, ಬೇನ್?” ಎಂದರು. ಏನೂ ಆಗಿಲ್ಲ, ಬಂದೆ ಎಂದೆ. ಚಹಾ ಮುಗಿಯುವವರೆಗೆ ಮಕ್ಕಳ ಸುದ್ದಿ ಹೇಳಿ ಏಳುತ್ತಿದ್ದೆ. ಬಾಯಿಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ. ಮೂರನೆಯ ವರ್ಷ ನಮ್ಮಲ್ಲಿಗೊಂದು ಪುಟ್ಟ ಹುಡುಗಿ ಬಂದಳು. ತಾಯಿಯ ಸವೆದ ಚಪ್ಪಲಿಯೊಂದನ್ನು ಸಂಜೆವರೆಗೂ ಎದೆಗವಚಿಕೊಂಡಿರುತ್ತಿದ್ದಳು. ಚಪ್ಪಲಿಗಾದರೂ ತಾಯಿ ಬಂದೇ ಬರುತ್ತಾಳೆಂಬ ಧೈರ್ಯ. ಬರಬರುತ್ತ ನಾನು ಕೂರುವ ಮೊದಲೇ ಅವರು “ಚಪ್ಪಲಿ ಬಿಟ್ಟಳಾ?” ಎಂದು ಕೇಳತೊಡಗಿದರು. ಅನುದಾನವೂ ವರ್ಷವರ್ಷ ಮುಂದುವರಿಯುತ್ತಿತ್ತು.

ಹೀಗಿರುವಾಗ ಟ್ರಸ್ಟಿಗೆ ಹೊಸ ಸದಸ್ಯರು ಬಂದರು. ಸಣ್ಣಪುಟ್ಟ ಕೋಣೆಗಳಿಗೆ ಕೊಡುವುದು ಬಿಟ್ಟು ಒಂದು ದೊಡ್ಡ ಆಸ್ಪತ್ರೆಗೇ ಎಲ್ಲವನ್ನೂ ಕೊಡೋಣವೆಂಬುದು ಅವರ ವಿಚಾರ. ಮುಂದಿನ ತಿಂಗಳು ಮೀಟಿಂಗಿನಲ್ಲಿ ತೀರ್ಮಾನ ಎಂದು ಹಿರಿಯರೇ ತಿಳಿಸಿದರು. ನನಗೆ ನಿದ್ದೆ ಹಾರಿತು.

ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಗುಜರಾತಿಗಳ ನಡುವೆಯೇ ಬಾಳಿದ ಉಡುಪಿಯ ಹೆಂಗಸೊಬ್ಬರಿದ್ದರು. ಅವರೆದುರು ಈ ಚಿಂತೆ ತೋಡಿಕೊಳ್ಳುತ್ತ, ಆ ಹಿರಿಯರೇ ಆವ್ಜೋ ಎಂದು ಕರೆದದ್ದರಿಂದ ತಾನೇ ಇಷ್ಟು ವರ್ಷ ಹೋದದ್ದು ಎಂದೆ. ಅವರು ಬಿದ್ದು ಬಿದ್ದು ನಕ್ಕರು.

“ಅಯ್ಯೋ ಮಾರಾಯ್ತಿ! ನಾವು ಬರ್ತೇನೆ ಅಂತ ಹೇಳಿಯೇ ಹೋಗುದಲ್ವ? ಇದೂ ಹಾಗೇ. ಆ ಅಜ್ಜ ನಿನ್ನನ್ನು ಕರೆದದ್ದಲ್ಲ, ಕಳಿಸಿದ್ದು!”

ಮುಖ ಬೆಚ್ಚಗಾಯಿತು. ಮೀಟಿಂಗಿನ ಮುಂಚಿನ ಶನಿವಾರ, ಕರೆಯದೆ ಹೋದರೆ ಬೇಡಲು ಬಂದಳೆಂದಾರು ಎಂದು ಹೋಗಲೇ ಇಲ್ಲ. ಅಡುಗೆ ನೋಡಿಕೊಳ್ಳುತ್ತಿದ್ದ ವಿಜಾಪುರದ ಬಾಯಿ ಗೊಣಗಿದಳು: “ಇಂಥಾ ಹೊತ್ತಿನ್ಯಾಗ ಸಿಟ್ಟು ಮಾಡಿ ಕುಂತ್ರ ಹ್ಯಾಂಗ್ರಿ, ಅಕ್ಕಾರ?”

ಸಿಟ್ಟಲ್ಲ ಎಂದರೆ ನಂಬಲಿಲ್ಲ.

ಮೀಟಿಂಗಿನ ಮರುದಿನ ಚಾಳಿನ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಕೊಡೆ ಹಿಡಿದು ಆ ಹಿರಿಯರೇ ಬಂದಿದ್ದರು. “ತಬಿಯತ್ ಠೀಕ್ ಹೈ ನಾ, ಬೇನ್? ಶನಿವಾರ ಬರಲಿಲ್ಲ!”

ನಾನು ಒಳಗೆ ಕರೆಯುವ ಮೊದಲೇ ಅವರು ಹಿಂದಿಯಲ್ಲಿ ಮುಂದುವರಿಸಿದರು. “ನಿಮ್ಮ ಚಪ್ಪಲಿ ಹುಡುಗಿಯ ಕಥೆಯನ್ನು ಮೀಟಿಂಗಿನಲ್ಲಿ ಹೇಳಿದೆ. ಈಗ ಹೇಗಿದ್ದಾಳೆ ಅಂತ ಹೊಸಬರು ಕೇಳಿದರು. ನನ್ನ ಹತ್ತಿರ ಉತ್ತರವೇ ಇಲ್ಲ! ಅದನ್ನು ತಿಳಿದು ಹೇಳಬೇಕಂತೆ. ಅನುದಾನ ಮೂರು ವರ್ಷಕ್ಕೆ ಒಪ್ಪಿದ್ದಾರೆ.”

ಮಕ್ಕಳ ಮಣೆಯ ಮೇಲೆ ಹಾಗೇ ಕುಸಿದು ಕುಳಿತೆ. ಆ ಹುಡುಗಿ ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟು ಆಡುತ್ತಿದ್ದುದನ್ನು ತೋರಿಸಿದೆ. ಆಮೇಲೆ ಆವ್ಜೋ ಫಜೀತಿಯನ್ನೂ ಹೇಳಿದೆ. ಅವರು ನಕ್ಕದ್ದನ್ನು ನೋಡಿದ್ದು ಅಂದೇ ಮೊದಲು.

“ಎಲ್ಲರಿಗೂ ಆವ್ಜೋ ಅಂತೀನಿ, ಬೇನ್. ಉಳಿದವರು ಹಣ ಬೇಕಾದಾಗ ಮಾತ್ರ ಬರುತ್ತಾರೆ.”

ಅವರು ಹೊರಟಾಗ ಮೆಟ್ಟಿಲವರೆಗೆ ಹೋಗಿ, ನಾನೂ ಕೈಮುಗಿದು “ಆವ್ಜೋ” ಎಂದೆ.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅಡುಗೆಯ ಬಾಯಿ ಕೇಳಿದಳು: “ಕರದ್ರೋ, ಕಳಿಸಿದ್ರೋ, ಅಕ್ಕಾರ?”

“ಕರೆದೆ. ಮೊದಲು ಆ ಹಾಲು ನೋಡು, ಉಕ್ಕುತ್ತಿದೆ.”