ನಾಯಿಗೆ ತಂದ ಕರೆಂಟಿನ ಪಟ್ಟಿ

ನಮ್ಮ ನಾಯಿಗೆ ಕುರಿ ಕಾಯುವುದಕ್ಕಿಂತ ಉಟಗಿಯ ರಸ್ತೆಯಲ್ಲಿ ಬೈಕುಗಳ ಬೆನ್ನುಹತ್ತುವುದರಲ್ಲೇ ಹೆಚ್ಚು ಉಮೇದು. ಬೈದು ನೋಡಿದೆ, ಕಟ್ಟಿಹಾಕಿ ನೋಡಿದೆ. ಕೊನೆಗೆ ಮೊಬೈಲಿನಲ್ಲಿ ಒಂದು ಕರೆಂಟಿನ ಪಟ್ಟಿ ಕಂಡಿತು. ಪಟ್ಟಿ ನಾಯಿಯ ಕೊರಳಿಗೆ, ರಿಮೋಟು ನಮ್ಮ ಕೈಗೆ, ಗುಂಡಿ ಒತ್ತಿದರೆ ಝಟಕಾ. ತರಿಸಿಯೇ ಬಿಟ್ಟೆ. ಜೊತೆಗೆ ಬಂದ ಎಚ್ಚರಿಕೆಯ ಚೀಟಿಯ ಅಕ್ಷರಗಳು ಇರುವೆಗಿಂತ ಸಣ್ಣ. ಅದನ್ನು ಮಡಚಿ ಕುಂಟುತ್ತಿದ್ದ ಕಪಾಟಿನ ಕಾಲಿಗೆ ಕೊಟ್ಟೆ. ರಿಮೋಟಿನಲ್ಲಿ ಒಂದರಿಂದ ಎಂಟರವರೆಗೆ ಅಂಕಿ. ಮೊಂಡು ನಾಯಿ, ಎಂಟೇ ಇರಲಿ ಎಂದು ಎಂಟಕ್ಕಿಟ್ಟೆ.

ನಮ್ಮ ಮನೆಯಲ್ಲಿ ಒಂದು ರೂಢಿಯಿದೆ. ಕುರಿಗಾಗಲಿ ನಾಯಿಗಾಗಲಿ ಹೊಸ ಗಂಟೆ, ಹೊಸ ಹಗ್ಗ ತಂದರೆ ಮನೆಯ ಹಿರಿಯ ಮೊದಲು ತನ್ನ ಕೊರಳಿಗೆ ಹಾಕಿಕೊಂಡು ನೋಡಬೇಕು. ಅವನಿಗೆ ಚುಚ್ಚಿದ್ದು ಪ್ರಾಣಿಗೂ ಚುಚ್ಚುತ್ತದೆ ಎಂಬ ಲೆಕ್ಕ. ಅಪ್ಪ ಪಟ್ಟಿಯನ್ನು ಕಸಿದುಕೊಂಡು ಬಿಗಿದುಕೊಂಡ, ಗದ್ದ ಎತ್ತಿ ಮದುಮಗನ ಹಾಗೆ ಕುಳಿತ.

“ಒತ್ತು, ಲಗೂನ ಒತ್ತು.”

ನಾನೂ ಗುಂಡಿಯ ಮೇಲೆ ಬೆರಳಿಟ್ಟೆ. ಒಳಗಿನಿಂದ ಅವ್ವ ಚೀರಿದಳು: “ಏ ಖೋಡಿ! ಅವರ ಎದ್ಯಾಗ ಮಶೀನ ಐತಿ!”

ಹೋದ ವರ್ಷ ಅಪ್ಪನ ಎದೆಬಡಿತ ತಪ್ಪುತ್ತಿದೆಯೆಂದು ಮಿರಜದಲ್ಲಿ ಪೇಸ್‌ಮೇಕರ್ ಕೂರಿಸಿದ್ದರು. ಅದರ ನೆನಪು ಅಪ್ಪನಿಗೆ ಗುಳಿಗೆ ನುಂಗುವಾಗ ಮಾತ್ರ. ಆದರೆ ಕರೆಂಟಿನ ಸಾಮಾನು ಎದೆಯ ಹತ್ತಿರ ತರಬೇಡಿ ಎಂದ ಡಾಕ್ಟರಿಗೆ ಹೂಂ ಹೂಂ ಎಂದು ತಲೆಯಾಡಿಸಿದವನು ನಾನು. ರಿಮೋಟನ್ನು ಮೆಲ್ಲಗೆ ನೆಲದ ಮೇಲಿಟ್ಟೆ.

ಅವ್ವ ಅಪ್ಪನ ಕೊರಳಿನಿಂದ ಪಟ್ಟಿ ಬಿಚ್ಚಿ ನನ್ನ ಕೊರಳಿಗೆ ಕಟ್ಟಿದಳು. “ಮನಿ ರೂಢಿ ಬಿಡಬಾರ್ದು” ಎಂದಳು. ಅಂಕಿಗಿಂಕಿ ನೋಡುವ ಹೆಂಗಸಲ್ಲ, ರಿಮೋಟು ಎತ್ತಿಕೊಂಡು ಒತ್ತಿಯೇ ಬಿಟ್ಟಳು.

ಮರುಕ್ಷಣ ಅಂಗಳದ ಕುರಿಹಿಕ್ಕೆಯ ರಾಶಿಯಲ್ಲಿ ಬಿದ್ದಿದ್ದೆ. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ, ಕೊರಳಲ್ಲಿ ಎರಡು ಕೆಂಪು ಗುರುತು. ಯಾರಿಗೆಂದು ಅದನ್ನು ತಂದಿದ್ದೆನೋ ಆ ನಾಯಿಯೇ ಓಡಿಬಂದು ಕೊರಳು ನೆಕ್ಕಿತು. ಅದರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಅಪ್ಪ ಬಿದ್ದು ಬಿದ್ದು ನಕ್ಕ. ನಗು ನಿಂತ ಮೇಲೆ ಎದೆ ಸವರಿಕೊಳ್ಳುತ್ತ ಕೇಳಿದ: “ನನಗ ಎಷ್ಟರ ಮ್ಯಾಲ ಇಟ್ಟಿದ್ದಿ, ಮಗನ?”

ರಿಮೋಟು ಅವ್ವನ ಕೈಯಲ್ಲಿ ಇನ್ನೂ ಎಂಟರ ಮೇಲೇ ಇತ್ತು.

“ಒಂದರ ಮ್ಯಾಲ, ಯಪ್ಪಾ” ಎಂದೆ.