ಮೂರು ಸಲ ಬರೆಸಿದ ಅರ್ಜಿ

ಕಾಲುವೆ ಕೆಲಸ ನಡೆದಿದ್ದ ವರ್ಷಗಳಲ್ಲಿ ನಾವು ಶಹಾಪುರದ ಹತ್ತಿರ, ಕ್ಯಾಂಪಿನ ತಗಡಿನ ಕ್ವಾರ್ಟರ್ಸಿನಲ್ಲಿದ್ದೆವು. ಗಂಡ ಕಾಲುವೆ ಆಫೀಸಿನ ಗುಮಾಸ್ತರು. ನಾನು ವಾರಪತ್ರಿಕೆಯೊಂದಕ್ಕೆ ರಾಜರ ಕಾಲದ ಪ್ರೇಮಕಥೆಗಳನ್ನು ಧಾರಾವಾಹಿಯಾಗಿ ಬರೆಯುತ್ತಿದ್ದೆ. ಸೊಸೆ ಪ್ರೇಮದ ಕಥೆ ಬರೆಯುತ್ತಾಳೆಂದರೆ ಜನ ಏನೆಂದಾರು ಎಂದು ಅತ್ತೆ ಹಟ ಹಿಡಿದಿದ್ದರಿಂದ ಅವು ಗಂಡನ ಹೆಸರಿನಲ್ಲೇ ಅಚ್ಚಾಗುತ್ತಿದ್ದವು.

ಒಂದು ಕಥೆಗೆ ವನದುರ್ಗದ ಕೋಟೆ ನೋಡಬೇಕಿತ್ತು. ಒಬ್ಬಳೇ ಬಸ್ಸು ಹತ್ತುವಂತಿರಲಿಲ್ಲ. ಗಂಡನೇ ಒಂದು ಭಾನುವಾರ ಹೋಗಿ ಬಂದು, "ಬಾಗಲಾ ಭಾಳ ಎತ್ತರ ಅದ. ಒಳಗ ಜಾಲಿಗಿಡ ಬೆಳದಾವ" ಎಂದರು. ಅಷ್ಟರ ಮೇಲೆ ಆರು ಕಂತು ಬರೆದೆ.

ನನಗೆ ಹೋಗಲು ಬಿಡುತ್ತಿದ್ದದ್ದು ಪಕ್ಕದ ಮನೆಗೆ ಮಾತ್ರ, ಅದೂ ಹೊಲಿಗೆ ಕಲಿಯುವ ನೆಪದಲ್ಲಿ. ಅಲ್ಲಿ ಲಾರಿ ಡ್ರೈವರನ ತಾಯಿ ಇದ್ದರು. ಸುರಪುರದವರು. ಚಿಕ್ಕಮ್ಮನ ಹಾಗೆ ಎಂದು ನಾನು ಅವರನ್ನು ಖಾಲಾ ಎನ್ನುತ್ತಿದ್ದೆ. ಅವರ ತಂದೆ ಸುರಪುರದಲ್ಲಿ ಅರ್ಜಿ ಬರೆದುಕೊಡುವ ಮುನ್ಷಿಯಾಗಿದ್ದವರು. ಅವರು ಉಳಿಸಿಟ್ಟಿದ್ದ ಅರ್ಜಿಗಳ ಉರ್ದು ನಕಲುಗಳನ್ನು ಖಾಲಾ ಓದಿ ಕನ್ನಡದಲ್ಲಿ ಹೇಳುವರು, ನಾನು ಬರೆದುಕೊಳ್ಳುವೆ.

ಒಂದು ದಿನ ದೊಡ್ಡ ವಾಡೆಯ ಸೊಸೆಯೊಬ್ಬಳ ಅರ್ಜಿ ಸಿಕ್ಕಿತು. ತಿಂಥಣಿಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ಒಂದು ದಿನ ಹೋಗಿಬರಲು ಅಪ್ಪಣೆಯಾಗಬೇಕು ಎಂದು ವಾಡೆಯ ಯಜಮಾನರಿಗೆ ಮೂರು ಸಲ ಬರೆಸಿದ್ದಳು. ನಾನು ಅವಳನ್ನೇ ನಾಯಕಿ ಮಾಡಿದೆ. ಕೊನೆಯ ಕಂತಿನಲ್ಲಿ ಕುದುರೆ ಸವಾರನೊಬ್ಬ ಬಂದು ಅವಳನ್ನು ಕೃಷ್ಣೆಯ ದಂಡೆಯ ತಿಂಥಣಿಗೆ ಮುಟ್ಟಿಸುತ್ತಾನೆ.

ನಾನು ಆ ಕಂತನ್ನು ಓದಿ ಹೇಳಿದಾಗ ಖಾಲಾ ಚಾಳೀಸಿನ ಕನ್ನಡಕ ತೆಗೆದಿಟ್ಟರು. "ಯಾರೂ ಬರಲಿಲ್ಲ ಬೇಟಿ. ಆಕಿ ಆ ವಾಡೇದಾಗೇ ಸತ್ಲಂತ ಅಬ್ಬಾ ಹೇಳ್ತಿದ್ರು. ನೀ ಯಾಕ ಕುದುರಿ ತಂದಿ?"

"ಓದೋರಿಗೆ ಬೇಕ್ರಿ ಖಾಲಾ."

"ಓದೋರಿಗೋ, ನಿನಗೋ?"

ಆ ವಾರವೇ ಕಂತನ್ನು ಬದಲಿಸಿ ಬರೆದೆ. ಯಾರೂ ಬರುವುದಿಲ್ಲ, ಅವಳು ನಾಲ್ಕನೆಯ ಅರ್ಜಿ ಬರೆಸಲು ಕೂಡುತ್ತಾಳೆ. ಅಂಚೆಗೆ ಹಾಕುವ ಮೊದಲು ಗಂಡ ಅದನ್ನು ಪೂರ್ತಿ ಓದಿದರು. ನನ್ನ ಬರಹವನ್ನು ಅವರು ಓದಿದ್ದು ಅದೇ ಮೊದಲು.

"ಇದನ್ನ ಕಳಸೂದಿಲ್ಲ. ನಿಮ್ಮ ಮನ್ಯಾಗ ಏನ್ ನಡದದ ಅಂತ ಆಫೀಸಿನಾಗ ಕೇಳ್ತಾರ."

"ಇದು ಹಳೇ ಕಾಲದ್ದರಿ."

"ಹೆಸರು ನಂದ ಅದ ಅಲ್ಲೇನು?" ಅವರ ದನಿ ಏರಲಿಲ್ಲ. ಮೊದಲಿನ ಪ್ರತಿಯನ್ನೇ ಲಕೋಟೆಗೆ ಹಾಕಿ ಗೋಂದು ಹಚ್ಚಿದರು.

ಅದು ಅಚ್ಚಾಯಿತು. ಮೆಚ್ಚುಗೆಯ ಪತ್ರಗಳು ಅವರ ಹೆಸರಿಗೆ ಬಂದವು. ಚಹಾ ಕುಡಿಯುತ್ತ ಅವನ್ನು ನನಗೆ ಓದಿ ಹೇಳಿದರು, ಸಂತೋಷಪಟ್ಟೇ ಓದಿದರು. ಅವರು ಕೆಟ್ಟವರಾಗಿದ್ದರೆ ನಾನು ಜಗಳವನ್ನಾದರೂ ಆಡುತ್ತಿದ್ದೆ.

ಪತ್ರಿಕೆ ಹಿಡಿದು ಪಕ್ಕದ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಖಾಲಾ ಪತ್ರಿಕೆಯನ್ನು ಮಡಿಚಿಟ್ಟರು. ಆಮೇಲೆ, "ಆಕಿ ಅರ್ಜಿ ಆದ್ರೂ ಆಕಿ ಹೆಸರಿಲೇ ಹೋತು ಬೇಟಿ" ಎಂದರು.

ಗೋಡೆಯಾಚೆಯಿಂದ ಅತ್ತೆ ಕರೆದರು. ಅರ್ಧ ಹೊಲಿದ ಲಂಗ ಎತ್ತಿಕೊಂಡು ಮನೆಗೆ ಹೋದೆ.